ದನಿ ಎತ್ತಬಾರದ ಜಾಗ

ಏಪ್ರಿಲ್ ೭, ಸೋಮವಾರ

ಮಧ್ಯಾಹ್ನ ಎರಡಕ್ಕೆ ತಲುಪಿದೆವು. ನೂರ ನಲವತ್ತು ಕಿಲೋಮೀಟರು, ಕೊನೆಯ ಮೂವತ್ತು ಬರೀ ತಿರುವು. ಡ್ರೈವಿಂಗ್ ಶಾಲೆಗೆ ಒಂದು ವಾರ ಬೀಗ ಹಾಕಿ ಬಂದಿದ್ದೇನೆ, ಆದರೆ ಶಾಲೆಯ ಡೈರಿಯನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲ. ಮೂವತ್ತೊಂದು ವರ್ಷ ದಿನಾ ಸಂಜೆ ಕುಳಿತು ಕಲಿಯುವವರ ಗುಣದೋಷ ಬರೆದು ಬರೆದು ಕೈಗೆ ಚಟ ಹತ್ತಿದೆ. ಇಲ್ಲಿ ಟಿ.ವಿ. ಇಲ್ಲ, ಪೇಪರಿಲ್ಲ, ಫೋನು ಹತ್ತುವುದಿಲ್ಲ. ಬರೆಯದೆ ಇನ್ನೇನು ಮಾಡಲಿ.

ಈ ಪ್ರವಾಸ ನನ್ನ ಹೆಂಡತಿಯ ಹಟ. ಸಮುದ್ರ ನೋಡೋಣ ಎಂದೆ, ಬೇಡ. ಮಗಳು, ಮೊಮ್ಮಗಳು ಬರುತ್ತಾರೆ, ಮಗುವಿಗೆ ಆಡಲು ಏನಾದರೂ ಇರುವ ಕಡೆ ಹೋಗೋಣ ಎಂದೆ, ಅದೂ ಬೇಡ. ಬೆಟ್ಟದ ಮೇಲೆ ಸನ್ಯಾಸಿಗಳು ನಡೆಸುವ ಈ ಅತಿಥಿಗೃಹವೇ ಆಗಬೇಕಂತೆ. ಮೂವತ್ತೈದು ವರ್ಷದ ಸಂಸಾರದಲ್ಲಿ ದೇವರ ಹೆಸರೆತ್ತದವಳಿಗೆ ಈಗೇಕೆ ಈ ವೈರಾಗ್ಯ ಎಂದು ಕೇಳಿದರೆ, ಸ್ವಲ್ಪ ನೆಮ್ಮದಿಯಾಗಿ ಇರಬೇಕು ಎಂದಳು. ನನ್ನ ಜೊತೆ ಇದ್ದರೆ ನೆಮ್ಮದಿ ಇಲ್ಲವೇನೋ. ಅಳಿಯನಿಗೆ ರಜೆ ಸಿಗಲಿಲ್ಲ, ಬಚಾವಾದ.

ಒಂದು ವಿಷಯ ಗುರುತು ಹಾಕಿಕೊಳ್ಳಬೇಕು. ಬ್ರೇಕ್ ಪೆಡಲು ಇವತ್ತೂ ತಾನಾಗಿ ಕೆಳಗಿಳಿಯಿತು, ಎರಡು ಸಲ, ನಾನು ಒತ್ತುವ ಮೊದಲೇ. ಇದು ಕಲಿಸುವ ಗಾಡಿ. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದೆ, ಅವು ನನ್ನ ಪೆಡಲುಗಳ ಜೊತೆ ಸರಳಿನಿಂದ ಸೇರಿಕೊಂಡಿವೆ. ಆ ಜೋಡಣೆಯಲ್ಲೇ ಏನೋ ಸಡಿಲವಾಗಿದೆ. ಮೆಕ್ಯಾನಿಕ್‌ಗೆ ಮೂರು ಸಲ ತೋರಿಸಿದೆ, ಏನೂ ಆಗಿಲ್ಲ ಸಾರ್ ಎಂದು ನನ್ನ ಮುಖ ನೋಡದೆ ಹೇಳುತ್ತಾನೆ. ಕೆಲಸಗಳ್ಳ. ಇವತ್ತು ಹಾಗೆ ಪೆಡಲು ಇಳಿದು ಗಾಡಿ ನಿಂತ ಮೇಲೆ ಒಬ್ಬ ಸೈಕಲ್ಲಿನವನು ಎಡಗಡೆಯಿಂದ ನೆಲದೊಳಗಿಂದ ಎದ್ದವನ ಹಾಗೆ ಬಂದ. ಅವನ ಪುಣ್ಯ.

ದಾರಿಯುದ್ದಕ್ಕೂ ಹೆಂಡತಿ ನನ್ನ ಪಕ್ಕದ ಸೀಟಿನಲ್ಲೇ ಕುಳಿತಿದ್ದಳು. ಮಗಳು ನಾನು ಮುಂದೆ ಬರ್ತೀನಮ್ಮ ಎಂದರೂ ಜಾಗ ಬಿಡಲಿಲ್ಲ. ಇಳಿದ ಮೇಲೆ ಬಲಗಾಲು ನೋವು ಎಂದು ತಿಕ್ಕಿಕೊಳ್ಳುತ್ತಿದ್ದಳು. ಕೂತಲ್ಲೇ ಕೂತು ಬಂದವಳಿಗೆ ಕಾಲು ನೋವು ಹೇಗೆ ಬರುತ್ತದೋ ನನಗಂತೂ ತಿಳಿಯದು.

ಮಗಳು ಮೆಲ್ಲಗೆ ಒಂದು ಮಾತು ಬಿಟ್ಟಳು: ವಾಪಸ್ ಹೋಗುವಾಗ ತಾನು ಓಡಿಸಲೇ ಎಂದು. ನನ್ನ ಹತ್ತಿರ ಕಲಿತವರಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಊರು ಸುತ್ತಿದವಳು ಇವಳೊಬ್ಬಳೇ. ಮನೆಯ ಗೇಟಿಗೆ ಗಾಡಿ ಉಜ್ಜಿದ ದಿನವೇ ನನ್ನ ಸ್ಟೇರಿಂಗ್ ಮುಟ್ಟಬೇಡ ಎಂದಿದ್ದೆ, ಹನ್ನೆರಡು ವರ್ಷವಾಯಿತು. ಈ ತಿರುವುಗಳಲ್ಲಿ ಇವಳ ಕೈಗೆ ಕೊಡುವುದೇ? ಭಾನುವಾರ ನಾನೇ ಇಳಿಸುತ್ತೇನೆ ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಏಪ್ರಿಲ್ ೮, ಮಂಗಳವಾರ

ಇಲ್ಲಿಯ ಕಾನೂನು ಕೇಳಿದರೆ ನಗು ಬರುತ್ತದೆ. ಬೆಳಗಿನ ತಿಂಡಿಯಿಂದ ಮಧ್ಯಾಹ್ನ ಮೂರರವರೆಗೆ ಮಾತಿಲ್ಲ. ಮೂರರ ಮೇಲೆ ಮಾತಾಡಬಹುದು, ಆದರೆ ಯಾವ ಹೊತ್ತಿನಲ್ಲೂ ದನಿ ಎತ್ತುವಂತಿಲ್ಲ. ಮೊಗಸಾಲೆಯ ಗೋಡೆಯ ಮೇಲೆ, ಮಲಗುವ ಕೋಣೆಯಲ್ಲಿ, ಊಟದ ಕೋಣೆಯಲ್ಲಿ, ಕೊನೆಗೆ ಸ್ನಾನದ ಮನೆಯ ಬಾಗಿಲಿನ ಒಳಗಡೆಯೂ ಅದನ್ನೇ ಬರೆದು ಹಾಕಿದ್ದಾರೆ. ನನ್ನ ಗಂಟಲು ಎರಡು ಬೀದಿಗೆ ಕೇಳುತ್ತದೆ. ನಮ್ಮ ಕಸುಬಿನಲ್ಲಿ ಅದಿಲ್ಲದಿದ್ದರೆ ಆಗುವುದಿಲ್ಲ.

ಅತಿಥಿಗಳನ್ನು ನೋಡಿಕೊಳ್ಳುವ ಸನ್ಯಾಸಿ ಒಬ್ಬರಿದ್ದಾರೆ. ಯಾವಾಗ ನೋಡಿದರೂ ಕೈಯಲ್ಲಿ ಪೊರಕೆ, ಹಾಗಾಗಿ ನಾನು ಅವರಿಗೆ ಪೊರಕೆ ಸ್ವಾಮಿಗಳು ಎಂದು ಹೆಸರಿಟ್ಟೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾರೆ. ಮನುಷ್ಯ ಒಳ್ಳೆಯವರು, ಕಡಿಮೆ ಮಾತು.

ಊಟ ಬಡಿಸುವವರು ಬೇರೆ, ಎತ್ತರದ ಸನ್ಯಾಸಿ. ಸೌಟಿನವರು ಎನ್ನೋಣ. ಅವರಿಗೆ ನನ್ನ ಮೇಲೆ ಏನು ಕೋಪವೋ. ಇವತ್ತು ಮಧ್ಯಾಹ್ನ ಎಲ್ಲರಿಗೂ ಬಡಿಸಿದರು, ನನ್ನನ್ನು ದಾಟಿ ಹೋದರು. ಮಾತಾಡುವಂತಿಲ್ಲ, ಕೇಳುವುದು ಹೇಗೆ? ಹೆಂಡತಿ ತನ್ನ ತಟ್ಟೆಯಿಂದ ಅರ್ಧ ಅನ್ನ ನನ್ನ ತಟ್ಟೆಗೆ ಹಾಕಿದಳು. ಎಲ್ಲರೆದುರು ಅದೊಂದು ಅವಮಾನ ಬೇರೆ.

ಮೂರರ ಮೇಲೆ ಅಂಗಳದಲ್ಲಿ ಮೊಮ್ಮಗಳ ಜೊತೆ ಕಣ್ಣಾಮುಚ್ಚಾಲೆ ಆಡಿದೆ. ಇವಳನ್ನು ನಾನು ಹಾರನ್ ಎಂದು ಕರೆಯುವುದು. ಹುಟ್ಟಿದಾಗಲೇ ಆಸ್ಪತ್ರೆ ಎಬ್ಬಿಸಿದವಳು, ಈಗ ಆರು ವರ್ಷ. ಇಲ್ಲಿ ಅವಳು ಪಿಸುಗುಟ್ಟುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಐದು ಸಲ ಸೋತೆ. ತಾನು ಎಲ್ಲೂ ಅಡಗಲಿಲ್ಲ, ಬೆಂಚಿನ ಪಕ್ಕದಲ್ಲೇ ನಿಂತಿದ್ದೆ ಎನ್ನುತ್ತಾಳೆ. ಆ ವಯಸ್ಸಿಗೆ ಎಂಥ ಸುಳ್ಳು. ಮಗಳು ನಗಲಿಲ್ಲ, ತಾಯಿಯ ಮುಖ ನೋಡಿದಳು.

ಏಪ್ರಿಲ್ ೧೦, ಗುರುವಾರ

ತಲೆ ಕೆಟ್ಟುಹೋಗಿದೆ. ಸೌಟಿನವರು ನಿನ್ನೆ ಎರಡು ಹೊತ್ತು, ಇವತ್ತು ಒಂದು ಹೊತ್ತು ನನ್ನನ್ನು ಬಿಟ್ಟು ಮುಂದೆ ಹೋದರು. ಇವತ್ತು ನೀರಿನ ಲೋಟವನ್ನೂ ಬೇಕೆಂದೇ ನನ್ನ ಎಡಗೈ ಪಕ್ಕ ಇಟ್ಟಿದ್ದರು, ಕೈ ತಗುಲಿ ಮೇಜಿನ ತುಂಬ ನೀರು. ಎದುರಿಗೆ ಕುಳಿತ ಮುದುಕಿ ಅಯ್ಯೋ ಪಾಪ ಎಂಬಂತೆ ನೋಡಿದಳು. ಮೈಯೆಲ್ಲ ಉರಿಯಿತು.

ಮೂರು ಗಂಟೆ ಆಗುವುದನ್ನೇ ಕಾದು ಪೊರಕೆ ಸ್ವಾಮಿಗಳ ಹತ್ತಿರ ಹೋದೆ. ನಾವೇನು ಹಸಿದು ಬಂದವರಲ್ಲ, ಆದರೆ ಮನುಷ್ಯನನ್ನು ಹೀಗೆ ಸಾಲಿನಲ್ಲಿ ದಾಟಿ ಹೋಗುವುದು ಯಾವ ಧರ್ಮ ಎಂದೆ. ಅವರು ಗುಡಿಸುವುದನ್ನು ನಿಲ್ಲಿಸಿ ಎಲ್ಲ ಕೇಳಿಕೊಂಡರು.

"ಅವರು ನಿಮ್ಮ ಎಡಗಡೆ ಬಂದು ನಿಲ್ತಾರೆ" ಎಂದರು. "ನಮ್ಮಲ್ಲಿ ಬೇಕಾ ಅಂತ ಕೇಳೋ ಹಾಗಿಲ್ಲ. ಪಾತ್ರೆ ಹಿಡ್ಕೊಂಡು ಮನಸ್ಸಲ್ಲೇ ಹತ್ತು ಎಣಿಸ್ತಾರೆ. ತಟ್ಟೆ ಮುಂದೆ ಬರದಿದ್ರೆ ಬೇಡ ಅಂತ ಅರ್ಥ. ನಿಮ್ಮ ಹತ್ರ ಇಪ್ಪತ್ತು ಎಣಿಸಿದೆ ಅಂತ ಅವರೇ ನನಗೆ ಹೇಳಿದ್ರು."

ನಿಂತಿದ್ದರೆ ನನಗೆ ಕಾಣುತ್ತಿರಲಿಲ್ಲವೇ? ಸನ್ಯಾಸಿಗಳೂ ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ಇವತ್ತು ಗೊತ್ತಾಯಿತು.

ಅದೇ ಸಿಟ್ಟಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಊಟದ ಕೋಣೆಯ ಮುಂದಿನ ಕಲ್ಲಿನ ಮೆಟ್ಟಿಲು ಇಳಿಯುತ್ತಿದ್ದೆ. ಈಚೆಗೆ ಎಲ್ಲಿ ಹೋದರೂ ಇವಳು ನನ್ನ ಎಡಗಡೆಗೇ ಅಂಟಿಕೊಂಡು ನಡೆಯುತ್ತಾಳೆ, ಮುದಿತನದ ಪ್ರೀತಿ ಎಂದುಕೊಂಡಿದ್ದೇನೆ. ಸೌಟಿನವರನ್ನೇ ನೇರ ಕೇಳಿಬಿಡೋಣ ಎನಿಸಿ ಸರಕ್ಕನೆ ತಿರುಗಿದೆ. ಮೊಣಕೈಗೆ ಏನೋ ತಗುಲಿತು. ನೋಡಿದರೆ ಇವಳು ನಾಲ್ಕು ಮೆಟ್ಟಿಲು ಕೆಳಗೆ ಬಿದ್ದಿದ್ದಾಳೆ. ಬಲಗಾಲಿನ ಪಾದದ ಗಂಟು ಆಗಲೇ ಊದುತ್ತಿತ್ತು.

ಕಣ್ಣೆಲ್ಲಿಟ್ಟುಕೊಂಡು ನಡೀತೀಯ ಎಂದು ಬೈದೆ. ದನಿ ಎತ್ತಿದೆ ಎಂದು ಕಾಣುತ್ತದೆ, ಮೂರು ಕಿಟಕಿಗಳು ತೆರೆದುಕೊಂಡವು. ಓಡಿ ಬಂದ ಪೊರಕೆ ಸ್ವಾಮಿಗಳಿಗೆ ಇವಳು, ನಾನೇ ಕಾಲು ಜಾರಿ ಬಿದ್ದೆ ಎಂದಳು. ನೋವಿನಲ್ಲೂ ಯಾಕೋ ಅವಸರ ಅವಸರವಾಗಿ ಹೇಳಿದಳು.

ಏಪ್ರಿಲ್ ೧೧, ಶುಕ್ರವಾರ

ಮೂಳೆ ಮುರಿದಿಲ್ಲ. ಇಲ್ಲಿ ವೈದ್ಯ ಗೊತ್ತಿರುವ ಒಬ್ಬ ಹಿರಿಯ ಸನ್ಯಾಸಿ ಪಟ್ಟಿ ಕಟ್ಟಿದ್ದಾರೆ. ಹದಿನೈದು ದಿನ ಆ ಕಾಲನ್ನು ಊರಬಾರದು, ಪ್ರಯಾಣದಲ್ಲಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡೇ ಕೂರಬೇಕು.

ಸರಿ, ಮಗಳು ಮುಂದೆ ಕೂರಲಿ, ನಾನು ಓಡಿಸುತ್ತೇನೆ, ಇದಕ್ಕೇಕೆ ಇಷ್ಟು ಯೋಚನೆ ಎಂದೆ. ಇವಳ ಮುಖ ಬಿಳಿಚಿಕೊಂಡಿತು. ಬಿದ್ದಾಗಲೂ ಅಷ್ಟು ಹೆದರಿರಲಿಲ್ಲ. ಇನ್ನೊಂದು ವಾರ ಇಲ್ಲೇ ಇರೋಣ ಎಂದಳು. ಸೋಮವಾರ ಬೆಳಗ್ಗೆ ಆರಕ್ಕೆ ನನಗೆ ಪಾಠವಿದೆ, ಐದು ಜನ ಹೊಸಬರು ಕಾಯುತ್ತಿರುತ್ತಾರೆ ಎಂದೆ. ಅಷ್ಟಕ್ಕೆ ಕಣ್ಣು ಮುಚ್ಚಿಕೊಂಡಳು.

ಸಂಜೆ ತಾಯಿ, ಮಗಳು ಬೆಂಚಿನ ಮೇಲೆ ಏನೋ ಗುಸುಗುಸು ಮಾಡುತ್ತಿದ್ದರು. ನಾನು ಹತ್ತಿರ ಹೋದ ಕೂಡಲೇ ನಿಲ್ಲಿಸಿದರು. "ನೀನೇ ಹೇಳಮ್ಮ, ಇಲ್ಲಾಂದ್ರೆ ನಾನು ಹೇಳ್ತೀನಿ" ಎಂದಷ್ಟು ಕೇಳಿಸಿತು. ಏನು ಎಂದರೆ ಏನಿಲ್ಲ. ನಾನು ಈ ಮನೆಯಲ್ಲಿ ಯಾವಾಗಿನಿಂದ ಹೊರಗಿನವನಾದೆ?

ಏಪ್ರಿಲ್ ೧೨, ಶನಿವಾರ, ಬೆಳಗ್ಗೆ

ಹೇಳಿದಳು.

ಬರೆಯಲು ಆಗುತ್ತಿಲ್ಲ.

ಏಪ್ರಿಲ್ ೧೨, ಸಂಜೆ

ಬರೆಯಲೇಬೇಕು, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ.

ಹತ್ತು ಗಂಟೆಯ ಹೊತ್ತು, ಮಾತಾಡಬಾರದ ಸಮಯ. ಮಗಳು ಮಗುವನ್ನು ಕರೆದುಕೊಂಡು ತೋಟಕ್ಕೆ ಹೋದಳು. ಹೋಗುವಾಗ ಬಾಗಿಲು ಎಳೆದುಕೊಂಡಳು. ಇವಳು ಮಂಚದ ಮೇಲೆ ದಿಂಬಿನ ಮೇಲೆ ಕಾಲಿಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಕೈ ಹಿಡಿದುಕೊಂಡು, ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಪೆಡಲು ತಾನಾಗಿ ಇಳೀತಿಲ್ಲ ರೀ. ನಾನು ತುಳೀತಿದ್ದೆ. ಎಂಟು ತಿಂಗಳಾಯ್ತು."

ಏನೆಂದು ಕೇಳಲು ಬಾಯಿ ತೆರೆದೆ. ಬೆರಳಿನಿಂದ ಗೋಡೆಯ ಮೇಲಿನ ಬರಹ ತೋರಿಸಿದಳು.

"ನಿಮಗೆ ಎಡಗಡೆ ಕಾಣ್ತಿಲ್ಲ. ಸೈಕಲ್ಲು, ದನ, ಜನ, ಯಾವುದೂ ಕಾಣ್ತಿಲ್ಲ. ಕನ್ನಡಕ ಬದಲಾಯಿಸಿದ್ರಿ, ಬೀದಿ ದೀಪ ಸರಿಯಿಲ್ಲ ಅಂದ್ರಿ, ಎದುರಿಗೆ ಬಂದವರನ್ನೆಲ್ಲ ಬೈದ್ರಿ. ಮನೇಲಿ ಹೇಳಿದ್ರೆ ಬೀದಿಗೆ ಕೇಳೋ ಹಾಗೆ ಕೂಗಾಡ್ತಿದ್ರಿ, ನಾನು ಅತ್ತು ಸುಮ್ಮನಾಗ್ತಿದ್ದೆ. ಎರಡು ಸಲ ಹಂಗೇ ಆಯ್ತಲ್ಲ. ಇಲ್ಲಿ ಕೂಗೋ ಹಾಗಿಲ್ಲ. ಅದಕ್ಕೇ ಇಲ್ಲಿಗೆ ಕರ್ಕೊಂಡು ಬಂದೆ."

ಕೂಗಬೇಕೆನಿಸಿತು. ಗಂಟಲವರೆಗೆ ಬಂದಿತ್ತು. ಮೊಗಸಾಲೆಯಲ್ಲಿ ಪೊರಕೆಯ ಸದ್ದು ಕೇಳಿಸುತ್ತಿತ್ತು, ನುಂಗಿಕೊಂಡೆ. ಜೀವನದಲ್ಲಿ ಮೊದಲ ಸಲ ಪೂರ್ತಿ ಸಿಟ್ಟನ್ನು ಹಾಗೇ ನುಂಗಿದ್ದು.

ನಿನಗೆ ಬ್ರೇಕ್ ಹಿಡಿಯುವುದನ್ನು ಯಾರು ಕಲಿಸಿದರು ಎಂದು ಕೇಳಿದೆ. ಕೇಳಬೇಕಾದದ್ದು ಅದಲ್ಲ, ಬಾಯಿಗೆ ಬಂದದ್ದು ಅದು. ಸ್ಟೇರಿಂಗ್ ಕಲಿಸು ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದಳು, ನಿನಗೇಕೆ ಎಂದಿದ್ದೆ.

"ನಿಮ್ಮ ಪಕ್ಕದಲ್ಲಿ ಮೂವತ್ತೈದು ವರ್ಷ ಕೂತಿಲ್ವಾ" ಎಂದಳು.

ಮೆಕ್ಯಾನಿಕ್‌ಗೂ ಗೊತ್ತಂತೆ. ಅವನೇ ಅನುಮಾನ ಬಂದು ಇವಳನ್ನು ಕೇಳಿದನಂತೆ, ಹೇಳಬೇಡಪ್ಪ ಎಂದಳಂತೆ. ಮೂರು ಸಲ ಅವನ ಅಂಗಡಿಯ ಮುಂದೆ ನಿಂತು ಕಳ್ಳ ಎಂದು ಕೂಗಿದ್ದೇನೆ. ಅವನು ತಲೆ ತಗ್ಗಿಸಿಕೊಂಡು ಸ್ಪ್ಯಾನರ್ ಒರೆಸುತ್ತಿದ್ದ. ಮೊನ್ನೆ ನಾನು ತಿರುಗಿದ್ದಕ್ಕೇ ಇವಳು ಬಿದ್ದದ್ದು, ಅದನ್ನು ಇವಳು ಹೇಳಲಿಲ್ಲ. ನಾನೇ ಕೇಳಿದೆ. ಹೌದು ಎಂದಳು.

ನಂಬಲಿಲ್ಲ ನಾನು. ನಂಬುವುದು ಹೇಗೆ? ಹೆಂಗಸರ ಹೆದರಿಕೆ ಎಂದು ಇನ್ನೂ ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ಮೂರು ಗಂಟೆ ಆದ ಮೇಲೆ ಪೊರಕೆ ಸ್ವಾಮಿಗಳನ್ನು ಅಂಗಳಕ್ಕೆ ಕರೆದೆ. ನಾನು ಗಾಡಿಯಲ್ಲಿ ಕುಳಿತು ನೇರ ಮುಂದೆ ನೋಡುತ್ತಿರುತ್ತೇನೆ, ನೀವು ಪೊರಕೆ ಕೆಳಗಿಟ್ಟು, ಬರಿಗಾಲಲ್ಲಿ ಗಾಡಿಯ ಹಿಂದಿನಿಂದ ಎಡಗಡೆಯಾಗಿ ನಿಧಾನಕ್ಕೆ ಮುಂದೆ ಬನ್ನಿ, ಕಂಡ ತಕ್ಷಣ ನಾನು ಹೇಳುತ್ತೇನೆ ಎಂದೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ಗಾಡಿಯ ಹಿಂದೆ ಹೋದರು.

ಕುಳಿತೆ. ಎದುರಿಗೆ ಗೋಡೆ, ಗೋಡೆಯ ಮೇಲೆ ಬಳ್ಳಿ, ಎಲ್ಲ ಸ್ಪಷ್ಟ. ಕಾದೆ. ಈ ಮನುಷ್ಯ ಇನ್ನೂ ಹೊರಟೇ ಇಲ್ಲವಲ್ಲ ಎನಿಸಿತು. ಸ್ವಾಮಿಗಳೇ, ಶುರು ಮಾಡಿ ಎಂದೆ.

"ನಾನು ಬಂದು ನಿಂತು ಸ್ವಲ್ಪ ಹೊತ್ತಾಯ್ತು" ಎಂದರು. ದನಿ ಮುಂದಿನ ಚಕ್ರದ ಹತ್ತಿರದಿಂದ ಬಂತು. ಕತ್ತು ತಿರುಗಿಸಿದರೆ ಅಲ್ಲೇ ಇದ್ದಾರೆ, ಕೈ ಚಾಚಿದರೆ ಬಾನೆಟ್ಟು ಮುಟ್ಟುವಷ್ಟು ಹತ್ತಿರ.

ಇನ್ನೊಮ್ಮೆ ಎಂದೆ. ಆಮೇಲೆ ಇನ್ನೊಮ್ಮೆ. ಅವರು ಬೇಸರಿಸದೆ ಮೂರು ಸಲ ನಡೆದರು. ಮೂರನೆಯ ಸಲ ಅವರು ಎಡ ಬಾಗಿಲಿನ ತೆರೆದ ಗಾಜಿನಿಂದ ಒಳಗೆ ಬಗ್ಗಿ ಮೆಲ್ಲಗೆ ನನ್ನ ಭುಜ ಮುಟ್ಟಿದರು. ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟುಕೊಂಡು ಅತ್ತೆ. ಸದ್ದಿಲ್ಲದೆ ಅಳುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ.

ಅಭ್ಯರ್ಥಿ: ವಯಸ್ಸು ಅರವತ್ತೊಂದು. ಅನುಭವ: ನಲವತ್ತು ವರ್ಷ. ಸ್ಟೇರಿಂಗ್ ಹಿಡಿತ ಚೆನ್ನಾಗಿದೆ. ಗೇರು ಚೆನ್ನಾಗಿದೆ. ರಸ್ತೆಗೆ ಬಿಡಬಾರದು.

ಏಪ್ರಿಲ್ ೧೩, ಭಾನುವಾರ

ಮನೆ ತಲುಪಿದೆವು. ಮಗಳು ಓಡಿಸಿದಳು.

ಬೆಳಗ್ಗೆ ಅಂಗಳದಲ್ಲಿ ಸಾಮಾನು ತುಂಬಿದ ಮೇಲೆ ಎಲ್ಲರೂ ನನ್ನನ್ನೇ ನೋಡುತ್ತ ನಿಂತರು. ನಾನು ಡ್ರೈವರ್ ಬಾಗಿಲು ತೆರೆದು ಹಿಡಿದು, ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬೇಡ ಎಂದಷ್ಟೇ ಮಗಳಿಗೆ ಹೇಳಿದೆ. ಅವಳು ಆಯ್ತಪ್ಪ ಎಂದು ತಲೆ ತಗ್ಗಿಸಿ ಒಳಗೆ ಕುಳಿತಳು. ಇವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಳು, ಹಾರನ್ ಅಜ್ಜಿಯ ಪಕ್ಕದಲ್ಲಿ ಮುದುಡಿ ಕುಳಿತಳು.

ನಾನು ಪಕ್ಕದ ಸೀಟಿನಲ್ಲಿ. ಕಲಿಸುವಾಗ ದಿನಾ ಕೂರುವ ಜಾಗವೇ, ಕಾಲಿನ ಕೆಳಗೆ ಅದೇ ಬ್ರೇಕು. ನನ್ನ ಎಡಕ್ಕೆ ಕಣಿವೆ ಇತ್ತು, ನನಗೆ ಗೊತ್ತು, ಆದರೆ ಕಾಣುತ್ತಿರಲಿಲ್ಲ. ಇಷ್ಟು ದಿನ ಕಾಣದ್ದು ನನಗೆ ಗೊತ್ತೇ ಆಗಿರಲಿಲ್ಲ. ನಿನ್ನೆಯಿಂದ ಕಾಣದ್ದೆಲ್ಲ ಹೆದರಿಸುತ್ತಿದೆ. ಎರಡೂ ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಂಡು, ಒಂದರ ಮೇಲೊಂದು ಕತ್ತರಿ ಹಾಕಿ ಕುಳಿತೆ. ಬ್ರೇಕ್ ತುಳಿಯಲು ನನ್ನ ಕಣ್ಣನ್ನು ಈಗ ನಾನೇ ನಂಬುವಂತಿಲ್ಲ.

ಏಳನೆಯ ತಿರುವಿನಲ್ಲಿ ಮಗಳು ಏಕಾಏಕಿ ಬ್ರೇಕ್ ಹಿಡಿದಳು. ಖಾಲಿ ರಸ್ತೆ. ಹಣೆ ಮುಂದಿನ ಗಾಜಿಗೆ ಬಡಿಯುವುದು ತಪ್ಪಿತು. ಯಾರೂ ಇಲ್ಲದ ಕಡೆ ಯಾಕೆ ಎಂದು ಬಾಯಿ ತುದಿಗೆ ಬಂತು, ಹಲ್ಲು ಕಚ್ಚಿದೆ. ಎರಡು ಕ್ಷಣದ ಮೇಲೆ ಸೌದೆ ಹೊರೆ ಹೊತ್ತ ಹೆಂಗಸೊಬ್ಬಳು ಎಡಗಡೆಯಿಂದ ಬಂದು ನಮ್ಮ ಮುಂದೆ ನಿಧಾನಕ್ಕೆ ರಸ್ತೆ ದಾಟಿದಳು.

ಆಗ ನೆನಪಾಯಿತು. ಇದೇ ಮಾತು, ಇದೇ ಸೀಟಿನಿಂದ, ಇನ್ನೊಬ್ಬಳಿಗೆ ಕೂಗಿದ್ದೆ. ಜನವರಿಯಲ್ಲಿ ಟೈಲರ್ ಅಂಗಡಿಯ ಹುಡುಗಿಯೊಬ್ಬಳು ಕಲಿಯಲು ಬರುತ್ತಿದ್ದಳು. ಹನ್ನೆರಡನೆಯ ಪಾಠದ ದಿನ ಶಾಲೆಯ ಹಿಂದಿನ ಬೀದಿಯಲ್ಲಿ ಗಕ್ಕನೆ ಗಾಡಿ ನಿಲ್ಲಿಸಿದಳು. ಯಾರೂ ಇಲ್ಲದ ಕಡೆ ಬ್ರೇಕ್ ಯಾಕೆ, ತಲೇಲಿ ಏನು ತುಂಬ್ಕೊಂಡಿದೀಯ ಎಂದು ಬೀದಿಗೆಲ್ಲ ಕೇಳುವಂತೆ ಅಂದೆ. ಇದ್ರು ಸಾರ್ ಎಂದಳು. ಎದುರು ಮಾತಾಡಬೇಡ ಎಂದೆ. ಅಳುತ್ತ ಇಳಿದು ಹೋದವಳು ಮತ್ತೆ ಬರಲಿಲ್ಲ. ಡೈರಿಯಲ್ಲಿ "ಧೈರ್ಯ ಸಾಲದು, ಕಲಿಯಲಾರಳು" ಎಂದು ಬರೆದಿದ್ದೇನೆ. ಈಗ ಪುಟ ತಿರುಗಿಸಿ ನೋಡಿದೆ, ಹಾಗೆಯೇ ಇದೆ.

ಹೆಂಡತಿ ನನ್ನ ಪಕ್ಕದಲ್ಲಿದ್ದಾಗ ನೋಡಿಕೊಂಡಳು. ಪಾಠದ ಹೊತ್ತಿನಲ್ಲಿ ಯಾರಿದ್ದರು?

ಏಪ್ರಿಲ್ ೧೬, ಬುಧವಾರ

ಕಣ್ಣಿನ ಡಾಕ್ಟರು ನೋಡಿದರು. ಹೋದದ್ದು ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಬಹುದು. ಶಾಲೆಯ ಬೀಗ ತೆಗೆಯಲಿಲ್ಲ. ಹೊಸಬರು ಐದು ಜನಕ್ಕೂ ಬೇರೆ ಶಾಲೆಗೆ ಹೋಗಲು ಹೇಳಿ ಕಳುಹಿಸಿದೆ. ಮೆಕ್ಯಾನಿಕ್ ಅಂಗಡಿಗೆ ಹೋಗಿ ತಪ್ಪಾಯಿತಪ್ಪ ಎಂದೆ, ಅವನು ಸ್ಟೂಲ್ ಒರೆಸಿ ಕೂರಿಸಿದ, ಟೀ ತರಿಸಿದ.

ಅಲ್ಲಿಂದ ಟೈಲರ್ ಅಂಗಡಿಗೆ ನಡೆದೇ ಹೋದೆ. ಮೊದಲಾಗಿದ್ದರೆ ಗಾಡಿಯಲ್ಲಿ ಎರಡು ನಿಮಿಷದ ದಾರಿ. ಪ್ರತಿ ಅಡ್ಡರಸ್ತೆಯಲ್ಲೂ ನಿಂತು, ಕತ್ತು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ ದಾಟುವಷ್ಟರಲ್ಲಿ ಅರ್ಧ ಗಂಟೆಯಾಯಿತು.

ಹುಡುಗಿ ನನ್ನನ್ನು ಕಂಡು ಮೆಷಿನ್ ನಿಲ್ಲಿಸಿ ಎದ್ದು ನಿಂತಳು. ಹೆದರಿದ್ದಳು. ನಾನು ಹೇಳಬೇಕಾದದ್ದನ್ನು ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅವತ್ತು ನೀನು ಬ್ರೇಕ್ ಹಿಡಿದದ್ದು ಸರಿ, ನನಗೆ ಆ ಕಡೆ ಕಾಣುವುದಿಲ್ಲ, ನನಗೇ ಗೊತ್ತಿರಲಿಲ್ಲ, ನಿನ್ನನ್ನು ಬೈದದ್ದು ದೊಡ್ಡ ತಪ್ಪು, ಕಲಿಯುವುದನ್ನು ಬಿಡಬೇಡ ಎಂದೆಲ್ಲ ಹೇಳಿದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಯಾಕೆ ಸಾರ್ ಇಷ್ಟು ಮೆಲ್ಲಗೆ ಮಾತಾಡ್ತೀರಾ, ಹುಷಾರಿಲ್ವಾ" ಎಂದಳು.

ಮೆಲ್ಲಗೆ ಮಾತಾಡುತ್ತಿದ್ದೇನೆ ಎಂದು ನನಗೇ ಗೊತ್ತಾಗಿರಲಿಲ್ಲ. ಹುಷಾರಾಗಿದ್ದೇನಮ್ಮ ಎಂದೆ. ಹಳೇದು ಬಿಡಿ ಸಾರ್ ಎಂದು ಅವಳು ಬಟ್ಟೆ ಮಡಿಸತೊಡಗಿದಳು. ನನಗೆ ಬಿಡಲಾಗಲಿಲ್ಲ. ಅವತ್ತು ಇದ್ರು ಸಾರ್ ಅಂದೆಯಲ್ಲ, ಯಾರಿದ್ದರು ಎಂದು ಕೇಳಿದೆ.

"ಮಗು ಸಾರ್. ಕಾಲಿಂದ ಚಪ್ಪಲಿ ಕಳಚಿಬಿದ್ದಿತ್ತು. ಎತ್ಕೊಳೋಕೆ ನಮ್ಮ ಗಾಡಿ ಮುಂದೆ ಎಡಗಡೆನೇ ಬಗ್ಗಿತ್ತು."

ಎಷ್ಟು ದೊಡ್ಡ ಮಗು ಎಂದೆ. ಅವಳು ಬಟ್ಟೆಯನ್ನು ಕೆಳಗಿಟ್ಟು, ಅಂಗೈಯನ್ನು ನೆಲಕ್ಕೆ ಮುಖ ಮಾಡಿ ಚಾಚಿ, ತನ್ನ ಮಂಡಿಯ ಹತ್ತಿರಕ್ಕೆ ಇಳಿಸಿ ಹಿಡಿದಳು.

"ಇಷ್ಟು ಸಾರ್."